ಸಲಹಾಮಣಿ ಮನೆಗೆ ಬಂದಳು

ಮಾರ್ಚ್ 4, ಸೋಮವಾರ

ಸಲಹಾಮಣಿ ಬಂದಿಳಿದಳು. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಚೀಲ, ಚೀಲದ ತುಂಬ ಮುರಿದ ಬಿಸ್ಕತ್ತು, ಬಾಯಿ ತುಂಬ ಸಲಹೆ. ಸೂಟ್‌ಕೇಸು ಕೆಳಗಿಡುವುದಕ್ಕೂ ಪುರುಸೊತ್ತಿಲ್ಲ, ಹೊಸ್ತಿಲಲ್ಲೇ ಶುರು.

“ಚಪ್ಪಲಿ ಎಲ್ಲಾ ಹೀಗೆ ದಿಕ್ಕಿಗೊಂದು ಬಿದ್ದಿದ್ರೆ ಬೆಳಿಗ್ಗೆ ಹುಡುಕೋದೇ ಒಂದು ಕೆಲಸ ಆಗುತ್ತಲ್ಲಮ್ಮ. ಒಂದು ಸಣ್ಣ ಉಪಾಯ ಹೇಳ್ಲಾ?”

“ಹೇಳಿ ಅತ್ತಿಗೆ,” ಅಂದೆ. ಬೇರೆ ಏನು ಅನ್ನಲಿ? ಎದುರಿಗೆ ನೀವು, ಬನ್ನಿ, ಕೂತ್ಕೊಳ್ಳಿ. ಇಲ್ಲಿ ಬರೆಯುವಾಗ ಅಷ್ಟೆಲ್ಲ ಮರ್ಯಾದೆ ಖರ್ಚು ಮಾಡುವ ಅಗತ್ಯ ನನಗಿಲ್ಲ.

ತಪ್ಪು ನನ್ನದೇ. ಗಂಡ ದೂರದಲ್ಲಿ ಹೊಸ ಬಂದರು ಕಟ್ಟುವ ಕಡೆ ಕ್ರೇನ್ ಓಡಿಸಲು ಹೋಗಿದ್ದಾನೆ, ಬರುವುದು ಬೇಸಿಗೆ ಕಳೆದ ಮೇಲೆ. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಕೆಳಮನೆಯ ಅಜ್ಜಿ ಮಗಳ ಮನೆ ಸೇರಿಕೊಂಡಳು. ಹೋಟೆಲಿನ ಲಾಂಡ್ರಿಯಲ್ಲಿ ಈಗಷ್ಟೇ ನನ್ನನ್ನು ಸೂಪರ್‌ವೈಸರ್ ಮಾಡಿದ್ದಾರೆ, ಮಾಡಿದ ವಾರದಿಂದಲೇ ನಾನು ದಿನಾ ತಡ. ಮ್ಯಾನೇಜರ್ ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಗೋಡೆ ಗಡಿಯಾರದ ಕಡೆ ನೋಡುತ್ತಾನೆ, ಅಷ್ಟೆ. ಬೈದಿದ್ದರೆ ಎಷ್ಟೋ ವಾಸಿ. ಕೊನೆಗೆ ಫೋನಿನಲ್ಲಿ ಗಂಡನ ಹತ್ತಿರ ಗೋಳಾಡಿದೆ. “ಅಕ್ಕನ್ನ ಕರೆಸ್ಕೋ, ಅವಳ ಫ್ಯಾಕ್ಟರಿ ಈಗ ಮುಚ್ಚಿದೆ,” ಅಂದ. ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಅವಳದು. ಹೊಸ ಮಷೀನು ಕೂರಿಸುವವರೆಗೆ ರಜೆಯಂತೆ.

ನಾನು ಕೇಳಿದ್ದು ಸಹಾಯ, ಬಂದದ್ದು ಪ್ರವಚನ.

ವಯಸ್ಸು ನಲವತ್ತೈದರ ಹತ್ತಿರ. ಮದುವೆಯಿಲ್ಲ, ಮಕ್ಕಳಿಲ್ಲ. ಮಕ್ಕಳನ್ನು ಬೆಳೆಸುವ ವಿದ್ಯೆ ಮಾತ್ರ ಅಂಗೈ ಮೇಲಿನ ನೆಲ್ಲಿಕಾಯಿ.

ಮಾರ್ಚ್ 6, ಬುಧವಾರ

ಇವತ್ತಿನ ಉಪಾಯ: ಕಾಲುಚೀಲ. ಪೇಟೆಗೆ ಹೋಗಿ ಒಂದು ಕಟ್ಟು ಬೂದು ಬಣ್ಣದ ಕಾಲುಚೀಲ ತಂದಿದ್ದಾಳೆ. ಎಲ್ಲ ಒಂದೇ ಬಣ್ಣ, ಒಂದೇ ಥರ, ನೋಡಿದರೆ ಸತ್ತ ಇಲಿಗಳ ರಾಶಿ.

“ಜೋಡಿ ಹುಡುಕೋ ತಾಪತ್ರಯನೇ ಇಲ್ಲ. ಕೈಗೆ ಸಿಕ್ಕಿದ ಎರಡು ಹಾಕು, ಹೊರಡು,” ಅಂದಳು.

ನನ್ನ ದೊಡ್ಡವಳಿಗೆ ಆರು ವರ್ಷ. ಸಾಕ್ಷಿ ಪುರಾವೆ ಇಲ್ಲದೆ ಯಾವುದನ್ನೂ ಒಪ್ಪದವಳು, ಅದಕ್ಕೇ ಮನೆಯಲ್ಲಿ ಅವಳು ವಕೀಲೆ. ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ನನ್ನ ಬಾತುಕೋಳಿ ಕಾಲುಚೀಲ ಎಲ್ಲಿ?”

“ಭಾನುವಾರಕ್ಕೆ ಅಂತ ತೆಗೆದಿಟ್ಟಿದ್ದೀನಿ ಪುಟ್ಟಿ.”

“ಯಾರನ್ನ ಕೇಳಿ?”

ನಾನು ಒಳಗೆ ಹೋಗಿ ಮುಖ ತೊಳೆದುಕೊಂಡೆ, ನಗು ಕಾಣಬಾರದೆಂದು. ಇಂಥ ಮಗಳನ್ನು ಹೆತ್ತದ್ದು ಸಾರ್ಥಕ.

ಅಷ್ಟಕ್ಕೇ ಮುಗಿಯಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಮೊಳೆ ಹೊಡೆದಿದ್ದಾಳೆ, ನನ್ನ ಸೊಂಟಕ್ಕಿಂತ ಕೆಳಗೆ. ಬಾಡಿಗೆ ಮನೆಯ ಗೋಡೆ! ಮಕ್ಕಳ ಚೀಲ, ಟೋಪಿ, ಅಂಗಿ ಎಲ್ಲ ಅಲ್ಲಿ ನೇತಾಡಬೇಕಂತೆ.

“ಇಷ್ಟು ಕೆಳಗೆ ಯಾಕೆ ಅತ್ತಿಗೆ?”

“ಚಿಕ್ಕ ಕೈಗೆ ಎಟುಕಬೇಕಲ್ಲಮ್ಮ. ಎಟುಕದೇ ಇದ್ರೆ ಏನು ಮಾಡುತ್ತೆ ಪಾಪ.”

ಚಿಕ್ಕ ಕೈಗೆ ಎಟುಕಿತೋ ಇಲ್ಲವೋ, ನನ್ನ ತೊಡೆಗೆ ಎಟುಕಿ ಸೀರೆ ಹರಿಯಿತು.

ಮಾರ್ಚ್ 10, ಭಾನುವಾರ

ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ ಅನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡೆ. ನನಗೆ ಬಟ್ಟೆ ಒಗೆಯುವುದು ಹೇಳಿಕೊಟ್ಟಳು. ನನಗೆ! ನಾಲ್ಕು ಅಂತಸ್ತಿನ ಹೋಟೆಲಿನ ಬೆಡ್‌ಶೀಟು, ದಿಂಬಿನ ಕವರು, ಟವೆಲು ಎಲ್ಲ ದಿನಾ ನನ್ನ ಕಣ್ಣೆದುರು ಹಾದು ಹೋಗುತ್ತವೆ. ಅವುಗಳನ್ನು ನೋಡಿ ನೋಡಿ ಮನೆಗೆ ಬಂದ ಮೇಲೆ ಒಂದು ಕರವಸ್ತ್ರ ಕಂಡರೂ ಮೈ ಉರಿಯುತ್ತದೆ. ಅದಕ್ಕೇ ಮನೆಯ ಬಟ್ಟೆ ವಾರವಿಡೀ ಮೂಲೆಯಲ್ಲಿ ಬೆಳೆಯುತ್ತದೆ, ಭಾನುವಾರ ಅದಕ್ಕೆ ಬಲಿ.

“ಗುಡ್ಡ ಆಗೋಕೆ ಬಿಡಬಾರದಮ್ಮ. ದಿನಾ ಸ್ವಲ್ಪ ಸ್ವಲ್ಪ ಒಗೆದು ಹಾಕ್ಬೇಕು. ನಾಲ್ಕು ಬಟ್ಟೆ ಆದ್ರೆ ಹಿಂಡಬಹುದು, ಒದ್ದೆ ಗುಡ್ಡ ಎತ್ತೋಕೆ ಆಗಲ್ಲ.”

“ಮಷೀನಿದೆಯಲ್ಲ ಅತ್ತಿಗೆ. ಹಿಂಡೋದು ಯಾಕೆ, ಎತ್ತೋದು ಯಾಕೆ?”

ಅವಳು ಒಂದು ಗಳಿಗೆ ಮಷೀನನ್ನೇ ನೋಡುತ್ತ ನಿಂತಳು. “ಹೌದಲ್ಲ, ಮಷೀನಿದೆ,” ಎಂದು ನಕ್ಕಳು. ಪೆದ್ದು ನಗೆ. ಮಷೀನಿನ ಎದುರೇ ನಿಂತು ಮಷೀನನ್ನು ಮರೆಯುವವರ ಹತ್ತಿರ ನಾನು ಪಾಠ ಹೇಳಿಸಿಕೊಳ್ಳಬೇಕು.

ಈ ವಾರ ಪೂರ್ತಿ ನನ್ನನ್ನು ಕೇಳದೆ ದಿನಾ ಒಗೆದು ಹಾಕಿದ್ದಾಳೆ. ಹಾಗಾಗಿ ಇವತ್ತು ಗುಡ್ಡವೇ ಇರಲಿಲ್ಲ. ಏನು ಮಾಡಬೇಕೆಂದು ತೋಚದೆ ಮಧ್ಯಾಹ್ನ ಮಲಗಿ ನಿದ್ದೆ ಮಾಡಿಬಿಟ್ಟೆ. ಸುಮ್ಮನೆ ಒಂದು ಭಾನುವಾರ ದಂಡ.

ಮಾರ್ಚ್ 12, ಮಂಗಳವಾರ

ಕೆಲಸಕ್ಕೆ ಮ್ಯಾನೇಜರಿಗಿಂತ ಮೊದಲು ತಲುಪಿದೆ. ನಿನ್ನೆಯೂ ಹಾಗೇ. ಬಸ್ಸಿನವರು ಈಚೆಗೆ ಸುಧಾರಿಸಿದ್ದಾರೆ.

ಮಾರ್ಚ್ 15, ಶುಕ್ರವಾರ

ಇನ್ನೊಂದು ಉಪಾಯ ಬಂದಿದೆ. ಮನೆಗೆ ಬಂದ ತಕ್ಷಣ ನಾನು ಅಡುಗೆಮನೆಗೆ ನುಗ್ಗಬಾರದಂತೆ.

“ಚೀಲ ಇಟ್ಟು ನೆಲದ ಮೇಲೆ ಕೂತ್ಕೊಂಡ್ಬಿಡು. ಮಕ್ಕಳು ಮೈಮೇಲೆ ಹತ್ತಲಿ, ಇಳೀಲಿ. ಅವರಿಗೆ ಸಾಕಾದ ಮೇಲೆ ಅವರೇ ಎದ್ದು ಹೋಗ್ತಾರೆ. ಆಮೇಲೆ ಒಲೆ ಹಚ್ಚು. ಮೊದಲೇ ಒಲೆ ಹಚ್ಚಿದ್ರೆ ಅಡುಗೆ ಮುಗಿಯೋವರೆಗೂ ಕಾಲಿಗೆ ಜೋತು ಬೀಳ್ತಾರೆ.”

ಕೂರಬೇಕಂತೆ! ನಾನು ಕೂತರೆ ಅಡುಗೆ ಯಾರು ಮಾಡುತ್ತಾರೆ, ಇವಳ ತಾತನೇ?

ಇವತ್ತು ಕಾಲು ನೋಯುತ್ತಿತ್ತು, ಅದಕ್ಕೆ ಕೂತೆ. ಅವಳು ಹೇಳಿದಳೆಂದಲ್ಲ. ಚಿಕ್ಕವನಿಗೆ ಇನ್ನೂ ಎರಡು ತುಂಬಿಲ್ಲ. ಅಳುವ ಮೊದಲು ದೂರದಿಂದಲೇ ಸದ್ದು ಕೇಳಿಸುತ್ತದೆ, ಆಮೇಲೆ ಮಳೆ. ಹಾಗಾಗಿ ಅವನು ಗುಡುಗು. ಆ ಗುಡುಗು ನನ್ನ ಹೆಗಲೇರಿ, ಕೂದಲೆಳೆದು, ಮೂಗಿಗೆ ಬೆರಳು ಹಾಕಿ, ಒಂದಿಷ್ಟು ಹೊತ್ತು ಕತ್ತಿನ ಹತ್ತಿರ ಮುಖವಿಟ್ಟು ಸುಮ್ಮನಿದ್ದ. ಆಮೇಲೆ ಇಳಿದು ಅತ್ತೆಯ ಹಿಂದೆ ಹೋದ. ಅವಳು ಅವನಿಗೆ ಒಂದು ಬಟ್ಟಲು ನೀರು, ಒಂದು ಹಳೇ ಬಣ್ಣದ ಕುಂಚ ಕೊಟ್ಟಳು. ಅಡುಗೆಮನೆಯ ಬಾಗಿಲಿಗೆ ಬಣ್ಣ ಬಳಿಯಬೇಕಂತೆ, ನೀರಿನಲ್ಲಿ. ಬಳಿಯುತ್ತಾನೆ, ಒಣಗುತ್ತದೆ, ಮತ್ತೆ ಬಳಿಯುತ್ತಾನೆ. ಮಗುವಿಗೆ ಹೀಗೆ ಮೋಸ ಮಾಡುವುದಕ್ಕೂ ಒಂದು ಮಿತಿ ಬೇಡವೇ?

ಅಡುಗೆ ತಳ ಹಿಡಿಯಲಿಲ್ಲ. ಉಪ್ಪೂ ಸರಿಯಾಗಿತ್ತು. ಪಾತ್ರೆ ಒಳ್ಳೆಯದು.

ಮಾರ್ಚ್ 18, ಸೋಮವಾರ

ಊಟದ ಬಿಡುವಿನಲ್ಲಿ ಡ್ರೈಯರ್ ಪಕ್ಕ ಕೂತು ಬರೆಯುತ್ತಿದ್ದೇನೆ. ಇಸ್ತ್ರಿ ಮಾಡುವ ಹುಡುಗಿಯರು ಫೋನಿನಲ್ಲಿ ಯಾವುದೋ ಬರಹ ಓದಿ ನಗುತ್ತಿದ್ದರು. ‘ಬಿಡುವಿಲ್ಲದ ಅಮ್ಮಂದಿರಿಗೆ ಕಿವಿಮಾತು.’ ಮಕ್ಕಳು ಏಳುವ ಮೊದಲೇ ಎದ್ದು ನಿಮಗಾಗಿ ಒಂದು ಗಂಟೆ ಮೀಸಲಿಡಿ. ಮನೆಗೆಲಸವನ್ನು ಹಬ್ಬದಂತೆ ಆಚರಿಸಿ. ಅಡುಗೆಮನೆಯಲ್ಲಿ ಪರಿಮಳದ ಮೇಣದಬತ್ತಿ ಹಚ್ಚಿಡಿ.

ಬರೆದವರ ಮನೆಗೆ ನನ್ನ ಗುಡುಗನ್ನು ಒಂದು ವಾರ ಕಳಿಸಬೇಕು. ಮೇಣದಬತ್ತಿಯನ್ನು ಪರಿಮಳ ಸಮೇತ ನುಂಗಿ ಬರುತ್ತಾನೆ.

ಸಲಹಾಮಣಿಯ ಉಪಾಯಗಳಿಗೆ ಮೇಣದಬತ್ತಿಯಂತೂ ಬೇಕಿಲ್ಲ. ಇದು ಹೊಗಳಿಕೆಯಲ್ಲ. ಓದುವವಳು ನಾನೊಬ್ಬಳೇ ಆದರೂ ಹೇಳಿಟ್ಟಿರುತ್ತೇನೆ.

ಮಾರ್ಚ್ 21, ಗುರುವಾರ

ಇವತ್ತು ಮಾನ ಹೋಯಿತು.

ಲಾಂಡ್ರಿಯ ಉಗ್ರಾಣದ ಬೀಗದ ಕೈ ಮನೆಯಲ್ಲೇ ಬಿಟ್ಟು ಹೋಗಿದ್ದೆ. ಮಾಲೀಕರು ಸುತ್ತು ಹಾಕಲು ಬರುವ ದಿನ. ಮ್ಯಾನೇಜರ್ ಗಡಿಯಾರ ಬಿಟ್ಟು ಈಗ ಬೀಗ ನೋಡುತ್ತ ನಿಂತಿದ್ದ. ಮನೆಗೆ ಫೋನ್ ಮಾಡಿದೆ. ಅವಳು ಗುಡುಗನ್ನು ಕಂಕುಳಲ್ಲಿ ಇಟ್ಟುಕೊಂಡು ಬೀಗದ ಕೈ ತಂದಳು. ಅಲ್ಲಿಯವರೆಗೆ ಎಲ್ಲ ಸರಿ. ಕೊಟ್ಟು ಹೋಗಬಹುದಿತ್ತು. ಹೋದರೆ ಅವಳು ಸಲಹಾಮಣಿ ಹೇಗಾದಾಳು?

ಇಬ್ಬರು ಹುಡುಗಿಯರು ಆ ತುದಿ ಈ ತುದಿ ಹಿಡಿದು ದೊಡ್ಡ ಬೆಡ್‌ಶೀಟು ಮಡಚುತ್ತಿದ್ದರು. ಇವಳು ಗುಡುಗನ್ನು ನನ್ನ ಕೈಗೆ ದಾಟಿಸಿ ಮುಂದೆ ಹೋದಳು.

“ಇದಕ್ಕೆ ಇಬ್ರು ಯಾಕ್ರಮ್ಮಾ? ಒಬ್ರೇ ಮಡಚಬಹುದು. ಒಂದು ಸಣ್ಣ ಉಪಾಯ ಇದೆ, ನೋಡಿ. ಹೀಗೆ ನಡುವನ್ನ ಗದ್ದದ ಕೆಳಗೆ ಒತ್ತಿ ಹಿಡ್ಕೊಳ್ಳಿ, ಎರಡು ಕೈ ಚಾಚಿ...”

ಇಸ್ತ್ರಿಯಾದ ಹೋಟೆಲಿನ ಬೆಡ್‌ಶೀಟು. ಗದ್ದದ ಕೆಳಗೆ! ಹುಡುಗಿಯರು ಕಿಸಕ್ಕೆಂದರು. ಮ್ಯಾನೇಜರ್ ಅವಳನ್ನು ಮೇಲಿನಿಂದ ಕೆಳಗೆ ನೋಡಿ, ಆಮೇಲೆ ನನ್ನನ್ನು ನೋಡಿ, “ಇವರು ಯಾರಮ್ಮ, ಹೊಸ ಸೂಪರ್‌ವೈಸರಾ?” ಅಂದ. ಈ ಸಲ ಕಿಸಕ್ಕೆನ್ನಲಿಲ್ಲ, ಎಲ್ಲರೂ ಬಾಯಿಬಿಟ್ಟೇ ನಕ್ಕರು. ಅವಳೂ ಅವರ ಜೊತೆ ನಕ್ಕಳು, ತನ್ನನ್ನು ಮೆಚ್ಚಿಕೊಂಡರು ಎಂದುಕೊಂಡು.

ಆ ಬೆಡ್‌ಶೀಟನ್ನು ಮತ್ತೆ ಒಗೆಯಲು ಹಾಕಿಸಿದೆ.

ಸಂಜೆ ಮನೆಗೆ ಹೋಗುವವರೆಗೂ ಹಲ್ಲು ಕಚ್ಚಿಕೊಂಡಿದ್ದೆ. ಅವಳು ಗುಡುಗಿಗೆ ಸ್ನಾನ ಮಾಡಿಸಿ ಅಂಗಿ ತೊಡಿಸುತ್ತಿದ್ದಳು.

“ನಿಮಗೆ ಯಾರು ಹೇಳಿದ್ರು ಅಲ್ಲಿ ಬಂದು ಪಾಠ ಮಾಡೋಕೆ?” ಅಂದೆ.

“ಆ ಹುಡುಗೀರಿಗೆ ಸುಲಭ ಆಗಲಿ ಅಂತ...”

“ನನಗೆ ಕಷ್ಟ ಆಯ್ತು. ನಿಮ್ಮ ಉಪಾಯ ಕೇಳಿ ಕೇಳಿ ಸಾಕಾಗಿ ಹೋಗಿದೆ ಅತ್ತಿಗೆ. ಚಪ್ಪಲಿಗೊಂದು, ಚೊಂಬಿಗೊಂದು. ಮೊದಲು ಒಂದು ಮಗು ಹೆತ್ತು, ಸಾಕಿ ನೋಡಿ. ಆಮೇಲೆ ಬಂದು ನನಗೆ ಹೇಳಿಕೊಡಿ.”

ಅವಳ ಕೈ ಗುಂಡಿಯ ಮೇಲೆ ನಿಂತಿತು. ಆಮೇಲೆ ಆ ಗುಂಡಿ ಹಾಕಿದಳು. ಅದರ ಕೆಳಗಿನದ್ದೂ ಹಾಕಿದಳು. ಕೊನೆಯದನ್ನೂ ಹಾಕಿ, ಗುಡುಗಿನ ಕಾಲರ್ ಸರಿಮಾಡಿ, “ಸರಿಯಮ್ಮ,” ಅಂದಳು.

ಮಾರ್ಚ್ 22, ಶುಕ್ರವಾರ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತೆ. ಗಾದೆ ಕಟ್ಟಿದವರಿಗೆ ಬೇರೆ ಕೆಲಸವಿರಲಿಲ್ಲ. ಇವತ್ತು ಮನೆಯಲ್ಲಿ ಒಂದೇ ಒಂದು ಸಲಹೆಯಿಲ್ಲ. ಸ್ವರ್ಗ.

ಮಾರ್ಚ್ 24, ಭಾನುವಾರ

ಎರಡು ದಿನದ ಸ್ವರ್ಗ ಮೂರನೆಯ ದಿನಕ್ಕೆ ಹಳಸಿತು.

ಕೆಲಸ ಎಲ್ಲ ಮಾಡುತ್ತಾಳೆ, ಒಂದೂ ಬಿಟ್ಟಿಲ್ಲ. ಮಾತು ಮಾತ್ರ ‘ಹೂಂ’, ‘ಆಯ್ತು’, ‘ಸರಿಯಮ್ಮ’. ಮಕ್ಕಳ ಜೊತೆ ಮಾತಾಡುತ್ತಾಳೆ, ನಾನು ಒಳಗೆ ಬಂದರೆ ಅದೂ ನಿಲ್ಲುತ್ತದೆ. ಬೇಕೆಂದೇ ಹಾಲನ್ನು ಒಲೆಯ ಮೇಲಿಟ್ಟು ಬೇರೆ ಕಡೆ ಹೋದೆ. ಉಕ್ಕಿ ಸುರಿಯಿತು. ಬಂದು ಒರೆಸಿದಳು. ಹಾಲು ಉಕ್ಕದ ಹಾಗೆ ಕಾಯಿಸುವುದಕ್ಕೆ ಅವಳ ಹತ್ತಿರ ಖಂಡಿತ ಒಂದು ಉಪಾಯ ಇರುತ್ತದೆ, ಇಲ್ಲದೆ ಎಲ್ಲಿ ಹೋಗುತ್ತದೆ? ಹೇಳಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿಗಳನ್ನು ಕಾಲಿನಿಂದ ಚೆದುರಿಸಿ ಬಂದೆ. ಬಗ್ಗಿ ಜೋಡಿಸಿದಳು. ಬಾಯಿ ಬಿಡಲಿಲ್ಲ.

ಗರ್ವ. ಇಷ್ಟು ಗರ್ವ ಒಳ್ಳೆಯದಲ್ಲ.

ವಕೀಲೆ ಊಟಕ್ಕೆ ಕೂತಾಗ ನನ್ನನ್ನು ಕೇಳಿದಳು: “ಅತ್ತೆ ನಿನ್ನ ಜೊತೆ ಟೂ ಬಿಟ್ಟಿದ್ದಾರಾ, ನೀನು ಅತ್ತೆ ಜೊತೆ ಟೂ ಬಿಟ್ಟಿದ್ದೀಯಾ?”

“ಊಟ ಮಾಡು,” ಅಂದೆ.

“ಅದು ಉತ್ತರ ಅಲ್ಲ,” ಅಂದಳು.

ಮಾರ್ಚ್ 27, ಬುಧವಾರ

ಇಸ್ತ್ರಿಯ ಹುಡುಗಿಯೊಬ್ಬಳು ಹೋದ ವಾರವಷ್ಟೇ ಹೆರಿಗೆ ರಜೆ ಮುಗಿಸಿ ಬಂದಿದ್ದಾಳೆ. ಮನೆಯಲ್ಲಿ ದೊಡ್ಡ ಮಗು ಬೇರೆ ಇದೆ. ಇವತ್ತು ತಡವಾಗಿ ಬಂದು ಟವೆಲಿನ ರಾಶಿಯ ಹಿಂದೆ ನಿಂತು ಅಳುತ್ತಿದ್ದಳು. ಅಳುವುದಿದ್ದರೆ ಒದ್ದೆ ಟವೆಲಿನ ಹತ್ತಿರ ನಿಂತು ಅಳಬೇಕು, ಒಣಗಿದ್ದರ ಹತ್ತಿರ ಅಲ್ಲ. ಅಷ್ಟೂ ತಿಳಿಯುವುದಿಲ್ಲ.

“ನೋಡು, ಬಾಯಿ ಮುಚ್ಚಿ ಕೇಳು,” ಅಂದೆ. “ಕಾಲುಚೀಲ ಎಲ್ಲಾ ಒಂದೇ ಬಣ್ಣದ್ದು ತಗೋ. ನಾಳೆ ಹಾಕೋ ಬಟ್ಟೆ ಇವತ್ತು ಸಂಜೆನೇ ತೆಗೆದು ಕೆಳಗಿನ ಮೊಳೆಗೆ ನೇತುಹಾಕು, ದೊಡ್ಡದು ತಾನೇ ಹಾಕ್ಕೊಳ್ಳುತ್ತೆ. ಮನೆಗೆ ಹೋದ ತಕ್ಷಣ ಅಡುಗೆಗೆ ನುಗ್ಗಬೇಡ, ಮೊದಲು ಕೂತ್ಕೋ. ಮಕ್ಕಳು ಹತ್ತಿ ಇಳಿದ ಮೇಲೆ ಒಲೆ ಹಚ್ಚು.”

ಅವಳು ಮೂಗು ಒರೆಸಿಕೊಂಡು, “ನಿಮ್ಮ ಅತ್ತಿಗೆ ಥರಾನೇ ಮಾತಾಡ್ತೀರಾ ಮೇಡಂ,” ಅಂದಳು.

ಅವಳನ್ನು ದಿಂಬಿನ ಕವರಿನ ಕಡೆಗೆ ಅಟ್ಟಿದೆ. ಇದು ಯಾರಿಗಾದರೂ ತಿಳಿಯುವ ಸಾಮಾನ್ಯ ವಿಷಯ. ಅದಕ್ಕೆ ಅತ್ತಿಗೆಯೇ ಬೇಕೆ?

ಮನೆಗೆ ಬಂದಾಗ ಅತ್ತಿಗೆ ಸೂಟ್‌ಕೇಸು ಒರೆಸುತ್ತಿದ್ದರು. “ಭಾನುವಾರ ಮಧ್ಯಾಹ್ನದ ಬಸ್ಸಿಗೆ ಟಿಕೆಟ್ ತಗೊಂಡೆ,” ಅಂದರು.

“ಫ್ಯಾಕ್ಟರಿ ಶುರು ಆಯ್ತಾ?”

“ಇನ್ನೂ ಇಲ್ಲ. ಮನೆ ಬಾಗಿಲು ಹಾಕಿ ತುಂಬಾ ದಿನ ಆಯ್ತು. ಧೂಳು ಹಿಡಿದಿರುತ್ತೆ.”

“ಸರಿ,” ಅಂದೆ.

ಧೂಳು! ಧೂಳು ಒರೆಸಲು ಯಾರಾದರೂ ಬಸ್ಸು ಹತ್ತುತ್ತಾರೆಯೇ? ನೆಪ ಹೇಳುವುದಕ್ಕೂ ಜಾಣತನ ಬೇಕು. ಹೋಗುವವರು ಹೋಗಲಿ. ಸೋಮವಾರದಿಂದ ಮಕ್ಕಳನ್ನು ಯಾರ ಹತ್ತಿರ ಬಿಡುವುದೋ ಗೊತ್ತಿಲ್ಲ. ಲಾಂಡ್ರಿಯಲ್ಲಿ ಟವೆಲಿನ ಜೊತೆ ಮಡಚಿಡುತ್ತೇನೆ.

ಮಾರ್ಚ್ 30, ಶನಿವಾರ

ಇವತ್ತು ಅರ್ಧ ದಿನ. ಮೆಟ್ಟಿಲು ಹತ್ತಿ ಬಂದಾಗ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅತ್ತಿಗೆ ಒಣಗಿದ ಬಟ್ಟೆ ಮಡಚುತ್ತಿದ್ದರು. ಬೆಡ್‌ಶೀಟು ಗದ್ದದಡಿ ಇತ್ತು. ವಕೀಲೆ ಎದುರಿಗೆ ಸ್ಟೂಲಿನ ಮೇಲೆ ಕೂತು ಅಲುಗಾಡುವ ಹಲ್ಲನ್ನು ನಾಲಿಗೆಯಿಂದ ತಳ್ಳುತ್ತ ವಿಚಾರಣೆ ನಡೆಸಿದ್ದಳು.

“ಅತ್ತೆ, ಗದ್ದದಲ್ಲಿ ಯಾಕೆ ಹಿಡ್ಕೋತೀರಾ?”

“ಆ ಕಡೆ ಹಿಡ್ಕೊಳ್ಳೋಕೆ ಯಾರೂ ಇಲ್ದಿದ್ರೆ ಹೀಗೇ ಹಿಡೀಬೇಕು ಕಣೇ.”

“ನಾನಿದ್ದೀನಲ್ಲ.”

“ಈಗ ನೀನಿದ್ದೀಯ. ನಾನು ಚಿಕ್ಕವಳಿದ್ದಾಗ ಇರಲಿಲ್ಲವಲ್ಲ.”

“ಎಷ್ಟು ಚಿಕ್ಕವರು?”

“ಒಂಬತ್ತು ವರ್ಷ.”

“ಒಂಬತ್ತು ವರ್ಷದವರು ಬೆಡ್‌ಶೀಟ್ ಮಡಚಲ್ಲ. ಅಮ್ಮ ಮಡಚ್ತಾರೆ.”

“ನಮ್ಮಮ್ಮನಿಗೆ ಹುಷಾರಿರಲಿಲ್ಲ. ನಿಮ್ಮಪ್ಪ ಹುಟ್ಟಿದ ಮೇಲೆ ಅವರು ಹಾಸಿಗೆಯಿಂದ ಸರಿಯಾಗಿ ಏಳಲೇ ಇಲ್ಲ. ನಮ್ಮಪ್ಪ ಬೆಳಗ್ಗೆ ಹೋದ್ರೆ ಬರ್ತಾ ಇದ್ದದ್ದು ಕತ್ತಲಾದ ಮೇಲೆ.”

“ಹಾಗಾದ್ರೆ ಅಪ್ಪನ್ನ ಯಾರು ಎತ್ಕೋತಿದ್ರು?”

“ನಾನೇ.”

“ಅಡುಗೆ?”

“ಅದೂ ನಾನೇ. ಸ್ಟೂಲ್ ಮೇಲೆ ನಿಂತ್ಕೊಂಡು. ನಿಮ್ಮಪ್ಪ ಸ್ಟೂಲ್ ಎಳೀತಿದ್ದ, ಬೀಳ್ತೀನಿ ಅಂತ ಭಯ. ಅದಕ್ಕೆ ಅವನಿಗೊಂದು ಬಟ್ಟಲು ನೀರು, ಒಂದು ಕುಂಚ ಕೊಟ್ಟು ದೂರ ಕೂರಿಸಿಬಿಡ್ತಿದ್ದೆ.”

“ಬಟ್ಟೆ?”

“ದಿನಾ ನಾಲ್ಕು ಒಗೀತಿದ್ದೆ. ಜಾಸ್ತಿ ಆದ್ರೆ ಬಕೆಟ್ ಎತ್ತೋಕೆ ಆಗ್ತಿರಲಿಲ್ಲ. ಒಣಗೋಕೆ ಹಾಕೋ ಹಗ್ಗಾನೂ ನಾನೇ ಕೆಳಗೆ ಕಟ್ಕೊಂಡಿದ್ದೆ, ಮೇಲಿಂದು ಎಟುಕ್ತಿರಲಿಲ್ಲ.”

“ಸ್ಕೂಲು?”

“ಹೋಗ್ತಿದ್ದೆ. ಕಾಲುಚೀಲದ ಜೋಡಿ ಸಿಗದೆ ದಿನಾ ತಡ, ದಿನಾ ಬೈಸ್ಕೋತಿದ್ದೆ. ಅದಕ್ಕೇ ಎಲ್ಲಾ ಒಂದೇ ಬಣ್ಣದ್ದು ತರಿಸಿದೆ. ಆಮೇಲೆ...” ಅತ್ತಿಗೆ ಮಡಚಿದ್ದನ್ನು ಕೆಳಗಿಟ್ಟು ಇನ್ನೊಂದು ತೆಗೆದುಕೊಂಡರು. “ಆಮೇಲೆ ಸ್ಕೂಲೇ ಬಿಟ್ಟೆ.”

“ಇದೆಲ್ಲ ನಿಮಗೆ ಯಾರು ಹೇಳಿಕೊಟ್ಟರು?”

“ಯಾರೂ ಇಲ್ಲ ಕಣೇ. ಯಾರಾದ್ರೂ ಬಂದು ಹೀಗಲ್ಲ ಹೀಗೆ ಮಾಡು ಅಂತ ಹೇಳಬಾರದಾ ಅನ್ನಿಸ್ತಿತ್ತು. ಬಾಗಿಲ ಕಡೆ ನೋಡ್ತಿದ್ದೆ.”

ವಕೀಲೆ ಹಲ್ಲು ತಳ್ಳುವುದನ್ನು ನಿಲ್ಲಿಸಿದಳು.

“ಮತ್ತೆ ನಿಮಗೆ ಯಾರು ತಿನ್ನಿಸ್ತಿದ್ರು?”

“ನಾನು ದೊಡ್ಡವಳಲ್ವೇನೇ.”

“ಒಂಬತ್ತು ದೊಡ್ಡದಲ್ಲ,” ಎಂದು ವಕೀಲೆ ತೀರ್ಪು ಕೊಟ್ಟಳು. ಸ್ಟೂಲಿನಿಂದ ಇಳಿದು ಹೋಗಿ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದಳು. ಅವಳ ಎತ್ತರಕ್ಕೆ ಅದು ನೆಲಕ್ಕೆ ತಾಗುತ್ತಿತ್ತು. ಅತ್ತಿಗೆ ತಾವೇ ಬಗ್ಗಿ ಅವಳ ಎತ್ತರಕ್ಕೆ ಬಂದರು.

ನಾನು ಒಳಗೆ ಹೋಗಲಿಲ್ಲ. ಮೆಟ್ಟಿಲಿಳಿದು ಬೀದಿಗೆ ಬಂದು ಸೈಕಲ್ ರಿಪೇರಿ ಅಂಗಡಿಯ ಮುಂದೆ ನಿಂತೆ. ಅಂಗಡಿಯವನು, “ಏನು ಬೇಕಿತ್ತು?” ಅಂದ. “ಏನೂ ಇಲ್ಲ,” ಅಂದೆ. ಆಮೇಲೆ ಮತ್ತೆ ಹತ್ತಿ ಬಂದೆ, ಈ ಸಲ ಚಪ್ಪಲಿ ಸದ್ದು ಮಾಡುತ್ತ. ಯಾಕೆ ಹಾಗೆ ಮಾಡಿದೆನೋ. ಬಿಸಿಲಿಗೆ ತಲೆ ಕೆಟ್ಟಿರಬೇಕು.

ಸಂಜೆ ಗಂಡನಿಗೆ ಫೋನ್ ಮಾಡಿದೆ.

“ನಿನ್ನನ್ನ ಸಾಕಿದ್ದು ಯಾರು?”

“ಅಕ್ಕ. ನಿಂಗೆ ಹೇಳಿದ್ದೀನಲ್ಲ.”

“ಅಕ್ಕ ಸಾಕಿದ್ಲು ಅಂದಿದ್ದೆ. ಅವಳಿಗೆ ಆಗ ಒಂಬತ್ತೇ ವರ್ಷ ಅಂತ ಹೇಳಿರಲಿಲ್ಲ.”

ಆ ಕಡೆ ಕ್ರೇನಿನದೋ ಗಾಳಿಯದೋ ಸದ್ದು. “ನಾನು ಆಗ ಪಾಪು ಕಣೇ. ನನಗೆ ಅವಳು ಯಾವಾಗ್ಲೂ ದೊಡ್ಡವಳೇ,” ಅಂದ.

ಗಂಡಸರ ಲೆಕ್ಕವೇ ಹೀಗೆ. ತಮ್ಮನ್ನು ಎತ್ತಿಕೊಂಡವರೆಲ್ಲ ದೊಡ್ಡವರು. ಎತ್ತಿಕೊಂಡ ಕೈ ಎಷ್ಟು ಉದ್ದವಿತ್ತು ಎಂದು ನೋಡುವುದಿಲ್ಲ.

ನಾನೂ ನೋಡಿರಲಿಲ್ಲ, ನಿಜ. ಆದರೆ ನಾನು ಹೊರಗಿನಿಂದ ಬಂದವಳು.

ಮಾರ್ಚ್ 31, ಭಾನುವಾರ

ಬೆಳಿಗ್ಗೆ ವಕೀಲೆಯ ಹಲ್ಲು ಬಿತ್ತು. ಬಾಯಿ ಕೆಂಪಗೆ ಮಾಡಿಕೊಂಡು, ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು, ಗೆದ್ದವಳ ಹಾಗೆ ಮನೆಯೆಲ್ಲ ಓಡಾಡಿದಳು. ಗುಡುಗು ತನಗೂ ಒಂದು ಹಲ್ಲು ಬೀಳಬೇಕೆಂದು ಗುಡುಗಿದ. ದಿಂಬಿನ ಕವರಿನ ಮೇಲೆ ರಕ್ತ, ಅಂಗೈಯಗಲ.

ಸೂಟ್‌ಕೇಸು ಆಗಲೇ ಬಾಗಿಲ ಹತ್ತಿರ ಬಂದು ಕೂತಿತ್ತು. ಅತ್ತಿಗೆ ಸಿಂಕಿನ ಮುಂದೆ ನಿಂತು ಲೋಟ ತೊಳೆಯುತ್ತಿದ್ದರು. ಹೋಗುವ ಮೊದಲು ಮನೆಯ ಎಲ್ಲ ಲೋಟಗಳನ್ನೂ ತೊಳೆದಿಟ್ಟು ಹೋಗಬೇಕೆಂಬ ಹಟ ಇದ್ದ ಹಾಗಿತ್ತು.

ಕ್ಷಮಿಸಿ ಎನ್ನುವ ಪದ ನನ್ನ ಬಾಯಿಗೆ ಹೊಂದುವುದಿಲ್ಲ. ಬೆಳಿಗ್ಗೆಯಿಂದ ಎರಡು ಸಲ ಅಡುಗೆಮನೆಗೆ ಹೋಗಿ ಬಂದೆ, ಒಂದು ಸಲ ಉಪ್ಪಿನ ಡಬ್ಬಿ ಮುಟ್ಟಿ ಬಂದೆ, ಇನ್ನೊಂದು ಸಲ ಅದೂ ಇಲ್ಲ. ಮೂರನೆಯ ಸಲ ದಿಂಬಿನ ಕವರು ಕೈಯಲ್ಲಿತ್ತು.

“ಅತ್ತಿಗೆ, ಇದು ರಕ್ತದ ಕಲೆ. ಹೇಗೆ ತೆಗೆಯೋದು?”

ಅವರು ತಿರುಗಿ ಕವರು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಲಾಂಡ್ರಿಯ ಸೂಪರ್‌ವೈಸರಳನ್ನು.

“ನಿನಗೆ ಗೊತ್ತಿಲ್ವಾಮ್ಮ?”

“ಗೊತ್ತಿದ್ರೆ ಕೇಳ್ತಿದ್ನಾ?”

ನಲ್ಲಿ ಸುರಿಯುತ್ತಲೇ ಇತ್ತು. ಅತ್ತಿಗೆ ಅದನ್ನು ನಿಲ್ಲಿಸಿದರು. ಕೈಯನ್ನು ಸೆರಗಿಗೆ ಒರೆಸಿಕೊಂಡರು. ಕವರು ತೆಗೆದುಕೊಂಡು ಬೆಳಕಿಗೆ ಹಿಡಿದರು. ಎಲ್ಲಿ ನಾನು ಸಿಡುಕುತ್ತೇನೋ ಎಂಬಂತೆ ಮೆಲ್ಲಗೆ, “ನೀರು ಕುದಿಸ್ಬೇಕಮ್ಮ,” ಅಂದರು. “ಚೆನ್ನಾಗಿ ಕುದಿಯೋ ನೀರು. ಅದರಲ್ಲಿ ನೆನೆಹಾಕಿ ಸೋಪು ತಿಕ್ಕಿದ್ರೆ ಹೋಗುತ್ತೆ.”

ಕುದಿಯುವ ನೀರು! ರಕ್ತಕ್ಕೆ! ಲಾಂಡ್ರಿಗೆ ಸೇರುವ ಪ್ರತಿಯೊಬ್ಬ ಹುಡುಗಿಗೂ ನಾನು ಹೇಳುವ ಮೊದಲ ಪಾಠವೇ ಇದು: ರಕ್ತಕ್ಕೆ ತಣ್ಣೀರು, ಕೂಡಲೇ. ಬಿಸಿನೀರು ತಾಗಿತೋ, ಕಲೆ ನೂಲಿನೊಳಗೆ ಮನೆ ಕಟ್ಟಿಕೊಂಡು ಸಂಸಾರ ಹೂಡುತ್ತದೆ. ನನ್ನ ಕೈಕೆಳಗಿನವರು ಯಾರಾದರೂ ಹೀಗೆ ಮಾಡಿದ್ದರೆ ಅವರ ಚಳಿ ಬಿಡಿಸುತ್ತಿದ್ದೆ.

“ಎಷ್ಟು ಹೊತ್ತು ನೆನೆಸಬೇಕು?” ಅಂದೆ.

ಪಾತ್ರೆಗೆ ನೀರು ಹಿಡಿದು ಒಲೆಯ ಮೇಲಿಟ್ಟೆ. ಅತ್ತಿಗೆ ಪಕ್ಕದಲ್ಲೇ ನಿಂತರು. ಗುಳ್ಳೆ ಬಂದರೆ ಸಾಲದು, ಕೊತಕೊತ ಕುದಿಯಬೇಕು ಅಂದರು. ಕವರನ್ನು ಕೋಲಿನಿಂದ ಒತ್ತಬೇಕು, ಕೈ ಸುಟ್ಟುಕೊಳ್ಳಬಾರದು ಅಂದರು. ಕಟ್ಟೆ ಒಡೆದ ಹಾಗೆ ಒಂದರ ಹಿಂದೆ ಒಂದು ಬರತೊಡಗಿತು. ಹಾಲು ಕಾಯಿಸುವಾಗ ಪಾತ್ರೆಯ ಮೇಲೆ ಮರದ ಸೌಟು ಅಡ್ಡ ಇಡಬೇಕಂತೆ. ಮಕ್ಕಳು ಸ್ನಾನ ಮಾಡುತ್ತಿರುವಾಗಲೇ ಬಚ್ಚಲು ತಿಕ್ಕಿಬಿಡಬೇಕಂತೆ, ಅವರ ಮೇಲೂ ಕಣ್ಣಿರುತ್ತದೆ, ಕೆಲಸವೂ ಮುಗಿಯುತ್ತದೆ. ಫಿನಾಯಿಲು, ಔಷಧಿ ಮಾತ್ರ ಕೆಳಗಿನ ಕಪಾಟಿನಲ್ಲಿ ಇಡಲೇಬಾರದಂತೆ. ನಾನು ಹೂಂ, ಹೂಂ ಅನ್ನುತ್ತ ಸೋಪು ತಿಕ್ಕಿದೆ. ಗುಡುಗು ಬಂದು ಅವರ ಕಾಲು ತಬ್ಬಿಕೊಂಡ. ಅವನನ್ನು ಎತ್ತಿಕೊಂಡೇ ಹೇಳುತ್ತ ಹೋದರು.

ಊಟವಾಯಿತು. ಬಸ್ಸಿನ ಹೊತ್ತು ಬಂತು, ಹೋಯಿತು. ಎಲ್ಲದಕ್ಕೂ ಬಾಯಿ ಹಾಕುವ ವಕೀಲೆ ಕೂಡ ಗಡಿಯಾರ ನೋಡಿ, ಸೂಟ್‌ಕೇಸು ನೋಡಿ, ಹಲ್ಲಿಲ್ಲದ ಜಾಗದಲ್ಲಿ ನಾಲಿಗೆ ಆಡಿಸುತ್ತ ಸುಮ್ಮನಿದ್ದಳು.

ಸಂಜೆ ಕವರನ್ನು ನೀರಿನಿಂದ ತೆಗೆದೆ. ಕೆಂಪಗಿದ್ದ ಕಲೆ ಕಂದು ಬಣ್ಣಕ್ಕೆ ತಿರುಗಿ, ಅಚ್ಚೊತ್ತಿದ ಹಾಗೆ ಕೂತಿತ್ತು.

ಅತ್ತಿಗೆ ಒಳಗಿನಿಂದ ಕೂಗಿದರು: “ಹೋಯ್ತೇನಮ್ಮ?”

“ಹೋಯ್ತು ಅತ್ತಿಗೆ,” ಅಂದೆ.

ಇನ್ನು ಯಾವ ಲಾಂಡ್ರಿಯಿಂದಲೂ ಅದನ್ನು ತೆಗೆಯಲು ಆಗುವುದಿಲ್ಲ. ಇಷ್ಟು ಕೆಟ್ಟ ಸಲಹೆಯನ್ನು ನಾನು ಈ ಕೆಲಸಕ್ಕೆ ಸೇರಿದ ಮೇಲೆ ಕೇಳಿಯೇ ಇಲ್ಲ. ಕಲೆ ಇರುವ ಬದಿ ಬೀದಿಯ ಕಡೆಗೆ ಬರುವ ಹಾಗೆ ತಿರುಗಿಸಿ ಹಗ್ಗದ ಮೇಲೆ ಹಾಕಿದ್ದೇನೆ. ಬೀದಿಯವರು ನೋಡಿಕೊಳ್ಳಲಿ. ನಾಳೆ ಒಣಗಿದ ಬಟ್ಟೆ ಮಡಚಲು ಅತ್ತಿಗೆ ಬರುವ ಮೊದಲೇ ಎದ್ದು ನಾನೇ ತೆಗೆದುಬಿಡಬೇಕು.